ಬೋರ್ಡಿನ ಕಡೆ ತಿರುಗಿದರೆ ಬೆಕ್ಕು ಕೂಗುತ್ತದೆ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು. ಈ ಸಲ ಎಂಟನೇ ತರಗತಿ ‘ಬಿ’ ಸೆಕ್ಷನ್ ನನ್ನ ಪಾಲಿಗೆ ಬಂದಿದೆ. 54 ಮಕ್ಕಳು. ಹಿಂದಿನ ಬೆಂಚಿನಲ್ಲಿ ನಾಲ್ಕು ಹುಡುಗರಿದ್ದಾರೆ. ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಬೆಕ್ಕಿನ ಕೂಗು. ಪಾಠ ಓದಿಸಲು ಶುರು ಮಾಡಿದರೆ ಡೆಸ್ಕ್ ಬಡಿಯುವುದು, ಪೆನ್ ಬೀಳಿಸುವುದು, ಪಕ್ಕದವನ ಜೊತೆ ಜಗಳ. ಅವರಲ್ಲಿ ಒಬ್ಬ ನನ್ನ ನಡಿಗೆ, ಮಾತು ಎಲ್ಲವನ್ನೂ ಅಣಕಿಸುತ್ತಾನೆ. ಹೊರಗೆ ನಿಲ್ಲಿಸಿದರೆ ಕಿಟಕಿಯಿಂದ ಇಣುಕಿ ಇನ್ನಷ್ಟು ನಗಿಸುತ್ತಾನೆ. ಅದೇ ಹುಡುಗ ಗಣಿತದ ಸರ್ ಬಂದರೆ ಉಸಿರೆತ್ತಲ್ಲ. ಅವರ ಕೈಯಲ್ಲಿ ಕೋಲಿರುತ್ತದೆ. ಮುಖ್ಯ ಶಿಕ್ಷಕರಿಗೆ ಹೇಳಿದೆ. ‘ಕ್ಲಾಸ್ ಕಂಟ್ರೋಲ್ ಮಾಡೋಕೆ ಬರಲ್ವಾ ಮೇಡಂ?’ ಅಂದರು. ಹುಡುಗನ ಅಪ್ಪನನ್ನು ಕರೆಸಿದೆ. ‘ಚೆನ್ನಾಗಿ ಬಾರಿಸಿ ಮೇಡಂ, ನಾವು ಕೇಳೋಕೆ ಬರಲ್ಲ’ ಅಂದು ಹೋದರು. ಕಳೆದ ವಾರ ನಾನು ಪಾಠ ಮಾಡುವಾಗ ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದಾರಂತೆ, ಹುಡುಗಿಯರು ಬಂದು ಹೇಳಿದರು. ಆ ಹುಡುಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬಹುದಾ? ಟಿ.ಸಿ. ಕೊಟ್ಟು ಕಳಿಸಬಹುದಾ? ಎರಡು ಏಟು ಹಾಕಿದರೆ ನಿಜವಾಗಿಯೂ ತಪ್ಪಾ? ಮೂರನೇ ಪೀರಿಯಡ್ ನೆನೆಸಿಕೊಂಡರೆ ಬೆಳಿಗ್ಗೆಯೇ ಹೊಟ್ಟೆ ಕಿವುಚುತ್ತದೆ. ವರ್ಗಾವಣೆ ಕೇಳೋಣ ಅನ್ನಿಸಿದೆ. (ಹೆಸರು, ಊರು ಬೇಡ)

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಬೇಸರ ತರಿಸಿದ್ದು ಮುಖ್ಯ ಶಿಕ್ಷಕರ ಮಾತು. ಹುಡುಗನ ಕೀಟಲೆಗೆ ದಾರಿ ಇದೆ. ಆದರೆ ಶಾಲೆಯಲ್ಲಿ ಹಿರಿಯರಾದವರೇ ‘ನಿಮಗೆ ಬರಲ್ವಾ’ ಅಂದುಬಿಟ್ಟರೆ ಶಿಕ್ಷಕರು ಮತ್ತೆ ಸಹಾಯ ಕೇಳುವುದಿಲ್ಲ. ಒಳಗೊಳಗೇ ನುಂಗಿಕೊಳ್ಳುತ್ತಾರೆ. ಇಲ್ಲವಾದರೆ ಒಂದು ದಿನ ತಾಳ್ಮೆ ತಪ್ಪಿ ಕೈ ಎತ್ತುತ್ತಾರೆ. ಆಗ ಅದೇ ಹಿರಿಯರು ನೋಟಿಸ್ ಕೊಡುತ್ತಾರೆ. ಶಾಲೆಗಳಲ್ಲಿ ಆಪ್ತಸಮಾಲೋಚನೆ ಮಾಡುತ್ತಾ, ಶಿಕ್ಷಕರ ತರಬೇತಿಗಳಿಗೆ ಹೋಗುತ್ತಾ ನಾನು ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ!

ಕ್ಲಾಸ್ ಕಂಟ್ರೋಲ್ ಅನ್ನುವುದು ಹುಟ್ಟಿನಿಂದ ಬರುವ ಗುಣ, ಕೆಲವರಿಗೆ ಇರುತ್ತೆ, ಕೆಲವರಿಗೆ ಇರಲ್ಲ ಎಂಬ ನಂಬಿಕೆ ನಮ್ಮ ಸ್ಟಾಫ್ ರೂಮುಗಳಲ್ಲಿ ಗಟ್ಟಿಯಾಗಿ ಕೂತಿದೆ. ದಪ್ಪ ದನಿ, ಮೀಸೆ, ಎತ್ತರದ ಆಳು ಇದ್ದರೆ ಸಾಕು ಅಂತ. ಮೇಡಂ ಅಂದರೆ ಮಕ್ಕಳಿಗೆ ಸದರ ಅಂತ. ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೂನಿನ್ ಶಾಂತವಾಗಿದ್ದ ತರಗತಿಗಳನ್ನೂ ಗಲಾಟೆಯ ತರಗತಿಗಳನ್ನೂ ವಿಡಿಯೊ ಮಾಡಿ ಹೋಲಿಸಿ ನೋಡಿದರು. ಅದು 1970ರಲ್ಲಿ ಪ್ರಕಟವಾಯಿತು. ತಪ್ಪು ಮಾಡಿದ ಮೇಲೆ ಗದರಿಸುವ ರೀತಿಯಲ್ಲಿ ಎರಡೂ ಕಡೆಯ ಶಿಕ್ಷಕರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆ ಶುರುವಾಗುವ ಮುಂಚೆ. ತರಗತಿಯ ಮೂಲೆಮೂಲೆಯಲ್ಲಿ ಏನಾಗುತ್ತಿದೆ ಅಂತ ಶಿಕ್ಷಕರಿಗೆ ಗೊತ್ತಿದೆಯಾ, ಪಾಠ ಎಲ್ಲೂ ನಿಲ್ಲದೆ ಸಾಗುತ್ತಿದೆಯಾ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಮಕ್ಕಳು ಖಾಲಿ ಕೂರುತ್ತಾರಾ, ಇಂಥವು. ಇವೆಲ್ಲ ಕಲಿತರೆ ಬರುವ ವಿಷಯಗಳು. ಬಿ.ಎಡ್. ಎರಡು ವರ್ಷವಾದ ಮೇಲೂ ಇವನ್ನು ಸರಿಯಾಗಿ ಕಲಿಸುವುದಿಲ್ಲ. ಅದು ನಿಮ್ಮ ತಪ್ಪಲ್ಲ.

ಗಣಿತದ ಸರ್ ವಿಷಯಕ್ಕೆ ಬರೋಣ. ಅವರ ಕ್ಲಾಸ್ ಶಾಂತವಾಗಿರುವುದಕ್ಕೆ ಕೋಲೇ ಕಾರಣ ಅಂತ ಎಲ್ಲರೂ ನಂಬಿದ್ದಾರೆ. ಆದರೆ ಅಲ್ಲಿ ಇನ್ನೇನು ನಡೆಯುತ್ತದೆ ನೋಡಿ. ಸರ್ ಬೋರ್ಡ್ ಮೇಲೆ ಲೆಕ್ಕ ಬರೆಯುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಸರ್ ಬೆಂಚಿನ ನಡುವೆ ಓಡಾಡುತ್ತಾರೆ. ಯಾರನ್ನೂ ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸುವುದಿಲ್ಲ. ನಿಮ್ಮ ವಿಷಯದಲ್ಲಿ ಓದಿಸಲೇಬೇಕು. ಗಲಾಟೆ ಶುರುವಾಗುವುದೂ ಓದಿಸುವ ಹೊತ್ತಿಗೇ ಅಂತ ನೀವೇ ಬರೆದಿದ್ದೀರಿ. ಕೋಲಿಗೆ ಹೆದರಿದ ಮಗು ಕೋಲು ಇರುವಷ್ಟು ಹೊತ್ತು ಸುಮ್ಮನಿರುತ್ತದೆ, ನಿಜ. ಆ ಪೀರಿಯಡ್‌ನಲ್ಲಿ ಅದುಮಿಟ್ಟುಕೊಂಡಿದ್ದೆಲ್ಲ ಕೋಲಿಲ್ಲದ ಮುಂದಿನ ಪೀರಿಯಡ್‌ನಲ್ಲಿ ಹೊರಬರುತ್ತದೆ. ಟೈಮ್‌ಟೇಬಲ್ ತೆಗೆದು ನೋಡಿ, ನಿಮ್ಮ ಪೀರಿಯಡ್ ಅವರದ್ದಾದ ಕೂಡಲೇ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಎರಡು ಏಟು ತಪ್ಪಾ ಅಂತ ಕೇಳಿದ್ದೀರಿ. ಹೌದು, ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೀರಿದರೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇನ್ನೂ ಬಿಗಿ: ತನ್ನ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಮಾಡಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಅಪ್ಪ ‘ಬಾರಿಸಿ’ ಅಂದ ಮಾತಿಗೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. ನಾಳೆ ಮಗುವಿನ ಕಿವಿಗೆ ಪೆಟ್ಟಾದರೆ ಅದೇ ಅಪ್ಪ ಠಾಣೆಗೆ ಹೋಗುತ್ತಾರೆ. ಅವರದೂ ತಪ್ಪಿಲ್ಲ ಬಿಡಿ. ಬಸ್ಕಿ, ಮಂಡಿಯೂರಿಸುವುದು, ಬಿಸಿಲಲ್ಲಿ ಗ್ರೌಂಡ್ ಸುತ್ತಿಸುವುದು, ಅವಮಾನ ಆಗಲಿ ಅಂತ ಹುಡುಗಿಯರ ಸಾಲಿನಲ್ಲಿ ಕೂರಿಸುವುದು, ಜಾತಿ ಎತ್ತಿ, ಮನೆತನ ಎತ್ತಿ ಬೈಯುವುದು, ಇವೂ ಇದೇ ಲೆಕ್ಕಕ್ಕೆ ಬರುತ್ತವೆ. ‘ನಾನು ಕೈ ಮುಟ್ಟಿಸಿಲ್ಲ’ ಅನ್ನುವ ಸಮರ್ಥನೆ ನಿಲ್ಲುವುದಿಲ್ಲ.

ಹಾಗಾದರೆ ಹುಡುಗ ಯಾಕೆ ಹೀಗೆ ಮಾಡುತ್ತಾನೆ? ನಾನು ಎಲ್ಲ ಶಿಕ್ಷಕರಿಗೂ ಕೇಳುವ ಪ್ರಶ್ನೆ ಒಂದೇ: ಹಾಗೆ ಮಾಡಿದ್ದರಿಂದ ಅವನಿಗೆ ಏನು ಸಿಕ್ಕಿತು? ನಿಮ್ಮ ಪತ್ರದಲ್ಲೇ ಉತ್ತರ ಇದೆ. ಬೆಕ್ಕು ಕೂಗಿದ. ಪಾಠ ನಿಂತಿತು. 53 ಮಕ್ಕಳು ಇವನ ಕಡೆ ತಿರುಗಿದರು. ನೀವು ಹೊರಗೆ ಕಳಿಸಿದಿರಿ. ಓದುವ ಸರದಿ ತಪ್ಪಿತು. ಕಿಟಕಿಯ ಆಚೆ ಅವನಿಗೊಂದು ಸ್ಟೇಜೂ ಸಿಕ್ಕಿತು. ನಾವು ಅದನ್ನು ಶಿಕ್ಷೆ ಅಂದುಕೊಂಡೆವು, ಅವನಿಗೆ ಅದು ಬಿಡುಗಡೆ. ನಿಮಗೂ ಹತ್ತು ನಿಮಿಷ ನೆಮ್ಮದಿ ಸಿಕ್ಕಿತು, ಅಲ್ವಾ? ಆ ನೆಮ್ಮದಿಗಾಗಿ ಮರುದಿನವೂ ಹೊರಗೆ ಕಳಿಸುತ್ತೀರಿ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಅಭ್ಯಾಸ ಮಾಡಿಸಿಕೊಳ್ಳುತ್ತೀರಿ.

ನನ್ನ ಅನುಮಾನ ಓದಿನ ಮೇಲೆ. ಎಂಟನೇ ತರಗತಿ ನಮ್ಮಲ್ಲಿ ಕಷ್ಟದ ತಿರುವು. ಅಕ್ಕಪಕ್ಕದ ಊರುಗಳ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಒಂದೇ ಸಲ ಬಂದು ಸೇರುತ್ತಾರೆ. ಚಿಕ್ಕ ಶಾಲೆಯಲ್ಲಿ ದೊಡ್ಡವರಾಗಿದ್ದವರು ದೊಡ್ಡ ಶಾಲೆಯಲ್ಲಿ ಚಿಕ್ಕವರಾಗುತ್ತಾರೆ. ಪುಸ್ತಕ ಒಮ್ಮೆಲೇ ದಪ್ಪ ಆಗುತ್ತದೆ. ಅಲ್ಲಿಯವರೆಗೆ ಹೇಗೋ ಮುಚ್ಚಿಟ್ಟುಕೊಂಡು ಬಂದ ಓದಿನ ಕೊರತೆ ಈಗ ಎಲ್ಲರೆದುರು ಬಯಲಾಗುತ್ತದೆ.

ಒಂದು ಕೆಲಸ ಮಾಡಿ. ಊಟದ ವಿರಾಮದಲ್ಲಿ ಅವನನ್ನು ಒಬ್ಬನನ್ನೇ ಲೈಬ್ರರಿಗೋ ಜಗುಲಿಗೋ ಕರೆಯಿರಿ. ಗೆಳೆಯರು ಸುತ್ತ ಇರಬಾರದು. ‘ಮ್ಯಾಪ್ ಜೋಡಿಸೋಕೆ ಒಬ್ಬರು ಬೇಕಿತ್ತು’ ಅನ್ನಿ. ಕೆಲಸ ಮುಗಿದ ಮೇಲೆ ನಾಲ್ಕನೇ ತರಗತಿ ಕನ್ನಡ ಪುಸ್ತಕದ ಒಂದು ಪ್ಯಾರಾ ಕೊಟ್ಟು ಓದಿಸಿ. ಕಾಗುಣಿತದ ಪದಗಳನ್ನು ಸರಾಗವಾಗಿ ಓದಿ, ಒತ್ತಕ್ಷರ ಬಂದ ಕೂಡಲೇ ನಿಲ್ಲುತ್ತಾನಾ ನೋಡಿ. ಇಂಥ ಮಕ್ಕಳು ಮೊದಲ ಎರಡು ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾರೆ. ‘ಸಾಮ್ರಾಜ್ಯ’ ಅವರ ಬಾಯಲ್ಲಿ ‘ಸಾಮಾನ್ಯ’ ಆಗುತ್ತದೆ. ‘ಚಂದ್ರಗುಪ್ತ’ ಹೇಗೋ ದಾಟಿಬಿಡುತ್ತಾರೆ, ಕೇಳಿ ಗೊತ್ತಿರುತ್ತದೆ. ‘ರಾಷ್ಟ್ರಕೂಟ’ ಬಂದಾಗ ಬೆರಳು ಅಲ್ಲೇ ಕೂರುತ್ತದೆ. ಈಗ ಅದೇ ಹುಡುಗನನ್ನು 53 ಮಕ್ಕಳ ಮುಂದೆ ನಿಲ್ಲಿಸಿ ‘ಮುಂದಿನ ಪ್ಯಾರಾ ಓದು’ ಅಂದರೆ ಅವನಿಗೆ ಎರಡೇ ದಾರಿ. ದಡ್ಡ ಅನ್ನಿಸಿಕೊಳ್ಳಬೇಕು, ಇಲ್ಲವೇ ಪುಂಡ ಅನ್ನಿಸಿಕೊಳ್ಳಬೇಕು. ಹದಿಮೂರು ವರ್ಷದ ಹುಡುಗ ಯಾವುದನ್ನು ಆರಿಸಿಕೊಳ್ಳುತ್ತಾನೆ ಅಂತ ನಿಮಗೇ ಗೊತ್ತು.

ನನ್ನ ಅನುಮಾನ ಸುಳ್ಳೂ ಇರಬಹುದು. ಅವನು ಸರಾಗವಾಗಿ ಓದಿಬಿಟ್ಟರೆ ಬೇರೆ ಕಡೆ ನೋಡಬೇಕು. ಬೋರ್ಡ್ ಕಾಣುತ್ತದಾ? ಕಿವಿ ಸರಿಯಾಗಿ ಕೇಳುತ್ತದಾ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬರುತ್ತದಲ್ಲ, ಅವರಿಗೆ ಈ ಹುಡುಗನ ಹೆಸರು ಹೇಳಿ ತೋರಿಸಿ. ಸುಮ್ನೆ ಸಾಲಿನಲ್ಲಿ ನಿಲ್ಲಿಸಿ ತೂಕ ನೋಡಿ ಕಳಿಸಿದರೆ ಸಾಲದು. ಬೆಳಿಗ್ಗೆ ಏನಾದರೂ ತಿಂದು ಬರುತ್ತಾನಾ? ಮನೆಯಲ್ಲಿ ಯಾರಿದ್ದಾರೆ? ಅಪ್ಪ ಅಮ್ಮ ಗುಳೆ ಹೋಗಿ, ಅಜ್ಜಿಯ ಜೊತೆ ಉಳಿದ ಮಕ್ಕಳಲ್ಲಿ ಎಷ್ಟೋ ಜನ ಜೋಳದ ಹೊಲಕ್ಕೋ ಹೋಟೆಲ್ಲಿಗೋ ಹೋಗಿ ದುಡಿದು ಬಂದಿರುತ್ತಾರೆ. ಮೂರನೇ ಪೀರಿಯಡ್ ಹೊತ್ತಿಗೆ ಸುಸ್ತಾಗಿರುತ್ತಾರೆ.

ಎಡಿಎಚ್‌ಡಿ ಬಗ್ಗೆ ಒಂದು ಮಾತು. ಈಗ ಯೂಟ್ಯೂಬ್ ನೋಡಿ ಎಲ್ಲರೂ ಎಲ್ಲರಿಗೂ ಆ ಹೆಸರು ಇಡುತ್ತಿದ್ದಾರೆ. ವೈದ್ಯರು ಅದನ್ನು ಗುರುತಿಸುವಾಗ ನೋಡುವ ಮುಖ್ಯ ವಿಷಯ ಎರಡು: ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು, ಮತ್ತು ಒಂದಕ್ಕಿಂತ ಹೆಚ್ಚು ಕಡೆ, ಅಂದರೆ ಮನೆಯಲ್ಲೂ ಶಾಲೆಯಲ್ಲೂ ಕಾಣಬೇಕು. ಒಂದು ಪೀರಿಯಡ್‌ನಲ್ಲಿ ಮಾತ್ರ ಕಾಣಿಸಿಕೊಂಡು, ಇನ್ನೊಂದರಲ್ಲಿ ಮಾಯವಾಗುವಂಥದ್ದಕ್ಕೆ ಮೊದಲು ಆ ಪೀರಿಯಡ್‌ನಲ್ಲೇ ಕಾರಣ ಹುಡುಕಬೇಕು. ಅವನ ಹಳೇ ಶಾಲೆಯ ಶಿಕ್ಷಕರಿಗೆ ಒಂದು ಫೋನ್ ಮಾಡಿ. ಒಂದನೇ ಕ್ಲಾಸಿನಿಂದಲೂ ಕೂತಲ್ಲಿ ಕೂರುತ್ತಿರಲಿಲ್ಲ ಅಂದರೆ ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಶಿಕ್ಷಕರಿಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವವರಿಗೆ, ತಿಳಿಸಿ, ಅವರ ಮೂಲಕ ಜಿಲ್ಲಾಸ್ಪತ್ರೆಗೆ ಕಳಿಸಿ. ಸ್ಟಾಫ್ ರೂಮಿನಲ್ಲಿ ನಾವೇ ರೋಗ ತೀರ್ಮಾನ ಮಾಡುವುದು ಬೇಡ.

ಈಗ ತರಗತಿಯೊಳಗೆ ಏನು ಮಾಡಬಹುದು ಅಂತ ನೋಡೋಣ. ಸಾಲಾಗಿ ಓದಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ನೀವು ಒಂದು ಪ್ಯಾರಾ ಓದಿ, ನಂತರ ಮಕ್ಕಳು ಇಬ್ಬಿಬ್ಬರಾಗಿ ಮೆಲ್ಲಗೆ ಓದಲಿ. ಆ ಹುಡುಗನ ಜೊತೆ ಓದು ಬಲ್ಲ, ಆದರೆ ಗೇಲಿ ಮಾಡದ ಒಬ್ಬನನ್ನು ಕೂರಿಸಿ. ಅವನಿಂದ ಓದಿಸಲೇಬೇಕು ಅಂದರೆ ಹಿಂದಿನ ದಿನವೇ ‘ನಾಳೆ ಈ ಎರಡು ಸಾಲು ನಿಂದು’ ಅಂತ ಗುಟ್ಟಾಗಿ ಹೇಳಿ. ಬೋರ್ಡಿನ ಕೆಲಸವನ್ನೂ ಕಡಿಮೆ ಮಾಡಿ. 54 ಮಕ್ಕಳಿಗೆ ಬೆನ್ನು ಹಾಕಿ ಐದು ನಿಮಿಷ ಬರೆದರೆ ಬೆಕ್ಕೂ ಕೂಗುತ್ತದೆ, ನಾಯಿಯೂ ಬೊಗಳುತ್ತದೆ. ಪೀರಿಯಡ್ ಶುರುವಾಗುವ ಮುಂಚೆ ಬರೆದಿಡಿ, ಅಥವಾ ಒಬ್ಬ ವಿದ್ಯಾರ್ಥಿಯಿಂದ ಬರೆಸಿ ನೀವು ಬೆಂಚಿನ ನಡುವೆ ಓಡಾಡಿ. ನಾಲ್ವರನ್ನೂ ಒಟ್ಟಿಗೆ ಬಿಡಬೇಡಿ. ಆದರೆ ಅವರನ್ನು ಮಾತ್ರ ಎಬ್ಬಿಸಿ ಕೂರಿಸಿದರೆ ಅದೂ ಮೆರವಣಿಗೆ ಆಗುತ್ತದೆ. ಇಡೀ ಕ್ಲಾಸಿನ ಜಾಗ ಬದಲಾಯಿಸಿ.

ಕೀಟಲೆ ಶುರುವಾದಾಗ ದೂರದಿಂದ ಹೆಸರು ಹಿಡಿದು ಕೂಗಬೇಡಿ. ಹತ್ತಿರ ಹೋಗಿ, ದನಿ ತಗ್ಗಿಸಿ, ಏನು ಮಾಡಬೇಕೋ ಅದನ್ನು ಮಾತ್ರ ಹೇಳಿ: ‘ಪುಸ್ತಕ ತೆಗಿ, ಮೂರನೇ ಪ್ಯಾರಾ.’ ಹೇಳಿ ಮುಂದೆ ಹೋಗಿಬಿಡಿ. ಅಲ್ಲೇ ನಿಂತು ‘ತೆಗಿತೀಯೋ ಇಲ್ವೋ’ ಅಂತ ಕಾಯುತ್ತಾ ನಿಂತರೆ ಅದು ಮರ್ಯಾದೆಯ ಪ್ರಶ್ನೆ ಆಗುತ್ತದೆ. ಗೆಳೆಯರು ನೋಡುತ್ತಿರುವಾಗ ಅವನು ಸೋಲುವುದಿಲ್ಲ. ಬೆನ್ನು ತಿರುಗಿಸಿ ಹೋದರೆ ಅರ್ಧ ನಿಮಿಷದಲ್ಲಿ, ಗೊಣಗಿಕೊಂಡಾದರೂ, ತೆಗೆಯುವವರೇ ಜಾಸ್ತಿ. ಗೊಣಗಿದ್ದು ಕೇಳಿಸಿಲ್ಲ ಅಂತ ಇರಿ. ತೆಗೆದಾಗ ಒಂದು ತಲೆಯಾಡಿಸಿ, ಸಾಕು. ಎಲ್ಲರ ಮುಂದೆ ‘ಶಹಭಾಷ್’ ಅಂದರೆ ಈ ವಯಸ್ಸಿನಲ್ಲಿ ಅದೂ ಅವಮಾನವೇ.

ಇದರಲ್ಲಿ ಅಪಾಯವೂ ಇದೆ, ಮೊದಲೇ ತಿಳಿದಿರಿ. ಬೆಕ್ಕಿನ ಕೂಗಿಗೆ ನೀವು ಪ್ರತಿಕ್ರಿಯೆ ನಿಲ್ಲಿಸಿದ ಮೊದಲ ದಿನಗಳಲ್ಲಿ ಕೂಗು ಜೋರಾಗುತ್ತದೆ. ಇಷ್ಟು ದಿನ ಸಿಗುತ್ತಿದ್ದದ್ದು ಸಿಗದೇ ಹೋದಾಗ ಮಕ್ಕಳು ಮೊದಲು ಮಾಡುವುದೇ ಅದು. ಆಗ ‘ಇದೆಲ್ಲ ಉಪಯೋಗ ಇಲ್ಲ’ ಅಂತ ಮತ್ತೆ ಕಿರುಚಿದಿರೋ, ಜೋರಾಗಿ ಕೂಗಿದರೆ ಮೇಡಂ ಬಗ್ಗುತ್ತಾರೆ ಅಂತ ಕಲಿಸಿದ ಹಾಗಾಯ್ತು. ಕೆಲವು ವಾರ ಹಿಡಿಯುವ ಕೆಲಸ ಇದು. ಇನ್ನು ಹೊಡೆದಾಟ, ಬೇರೆ ಮಗುವಿಗೆ ಪೆಟ್ಟಾಗುವಂಥದ್ದು, ಹುಡುಗಿಯರಿಗೆ ಕೆಟ್ಟ ಮಾತು, ಇವನ್ನು ಯಾವತ್ತೂ ಕಂಡೂ ಕಾಣದಂತೆ ಬಿಡಬಾರದು. ಆ ಕ್ಷಣವೇ ತಡೆಯಬೇಕು, ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಹೋಗಬೇಕು. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಅಪ್ಪನನ್ನು ಮತ್ತೆ ಕರೆಸುವ ಮುಂಚೆ ಯೋಚಿಸಿ. ‘ಬಾರಿಸಿ’ ಅಂದವರು ಮನೆಗೆ ಹೋಗಿ ಏನು ಮಾಡಿರುತ್ತಾರೆ? ದೂರು ಹೇಳಿದ ಮರುದಿನ ಹುಡುಗ ಇನ್ನೂ ಕೆಟ್ಟದಾಗಿ ನಡೆದುಕೊಂಡನಾ ನೆನಪಿಸಿಕೊಳ್ಳಿ. ನಾನಾಗಿದ್ದರೆ ಅಮ್ಮನಿಗೋ ಅಜ್ಜಿಗೋ ಫೋನ್ ಮಾಡುತ್ತೇನೆ. ಅದೂ ಏನಾದರೂ ಒಳ್ಳೆಯದು ಸಿಕ್ಕ ದಿನ. ‘ನಿಮ್ಮ ಹುಡುಗ ಇವತ್ತು ಮ್ಯಾಪ್ ಜೋಡಿಸಿಕೊಟ್ಟ’ ಅಂತ. ಶಾಲೆಯಿಂದ ಫೋನ್ ಬಂದರೆ ಬೈಗುಳವೇ ಅಂತ ತಿಳಿದ ಮನೆಯವರಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಆಮೇಲೆ ಓದಿನ ವಿಷಯ ಮಾತಾಡಬಹುದು.

ಟಿ.ಸಿ.? ಆಗಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ತಡೆಯುತ್ತದೆ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ಪರೀಕ್ಷೆ ನಡೆಸಿ ಅನುತ್ತೀರ್ಣ ಮಾಡಲು ಅವಕಾಶ ಕೊಟ್ಟಿತೇ ಹೊರತು ಹೊರಹಾಕಲು ಕೊಡಲಿಲ್ಲ. ‘ನೀವೇ ಅರ್ಜಿ ಕೊಟ್ಟು ಟಿ.ಸಿ. ಒಯ್ಯಿರಿ’ ಅಂತ ಪೋಷಕರ ಮೇಲೆ ಒತ್ತಡ ಹಾಕುವುದು ಕೆಲವು ಕಡೆ ನಡೆಯುತ್ತದೆ. ಅದಕ್ಕೆ ನೀವು ಕೈ ಹಾಕಬೇಡಿ.

ಇಷ್ಟೆಲ್ಲ ನಿಮ್ಮೊಬ್ಬರ ತಲೆ ಮೇಲೆ ಹಾಕಿದರೆ ನಾನೂ ನಿಮ್ಮ ಮುಖ್ಯ ಶಿಕ್ಷಕರ ಹಾಗೇ ಆದೆ. ಇಂಗ್ಲೆಂಡಿನಲ್ಲಿ 1989ರಲ್ಲಿ ಲಾರ್ಡ್ ಎಲ್ಟನ್ ಅಧ್ಯಕ್ಷತೆಯ ಸಮಿತಿ ಶಾಲಾ ಶಿಸ್ತಿನ ಬಗ್ಗೆ ವರದಿ ಕೊಟ್ಟಿತು. ಹಲ್ಲೆ ಹೊಡೆದಾಟದ ಸುದ್ದಿಗಳಿಂದ ಶುರುವಾದ ವಿಚಾರಣೆ ಅದು. ಆದರೆ ಶಿಕ್ಷಕರನ್ನು ದಿನದಿನವೂ ಹಣ್ಣು ಮಾಡುತ್ತಿದ್ದದ್ದು ಮಧ್ಯೆ ಮಾತು, ಪಕ್ಕದವರಿಗೆ ತೊಂದರೆ ಕೊಡುವುದು, ಇಂಥ ಚಿಕ್ಕಚಿಕ್ಕ ಕೀಟಲೆಗಳು ಅಂತ ಗೊತ್ತಾಯಿತು. ಇಡೀ ಶಾಲೆ ಸೇರಿ ಒಂದೇ ರೀತಿ ನಡೆದುಕೊಳ್ಳಬೇಕು ಅಂತ ಸಮಿತಿ ಹೇಳಿತು. ನಮ್ಮಲ್ಲಿ ಒಬ್ಬರು ಕೋಲು, ಒಬ್ಬರು ಬೈಗುಳ, ಒಬ್ಬರು ‘ಹೋಗಲಿ ಬಿಡಿ’. ಮಕ್ಕಳು ಒಂದು ದಿನದಲ್ಲಿ ಏಳು ಕಾನೂನು ನೋಡುತ್ತಾರೆ.

ಮುಖ್ಯ ಶಿಕ್ಷಕರ ಹತ್ತಿರ ‘ಆ ಹುಡುಗನಿಗೆ ಏನಾದರೂ ಮಾಡಿ’ ಅಂತ ಹೋಗಬೇಡಿ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಆಮೇಲೆ ಏನಾಯ್ತು. ಅದನ್ನು ಹಿಡಿದುಕೊಂಡು ಹೋಗಿ ಮೂರು ವಿಷಯ ಕೇಳಿ. ಮೂರನೇ ಪೀರಿಯಡ್‌ನಲ್ಲಿ ವಾರಕ್ಕೆ ಎರಡು ಸಲ ಅವರು ಸುಮ್ನೆ ಒಳಗೆ ಬಂದು, ಮಕ್ಕಳ ನೋಟ್ಸ್ ನೋಡಿ ಹೋಗಲಿ. ಗದರಿಸುವುದು ಬೇಡ. ಪರಿಸ್ಥಿತಿ ಕೈಮೀರಿದಾಗ ಆ ಹುಡುಗ ಹತ್ತು ನಿಮಿಷ ಪಕ್ಕದ ಕ್ಲಾಸಿನಲ್ಲಿ, ಕೆಲಸ ಹಿಡಿದುಕೊಂಡು, ಕೂರಲು ಒಬ್ಬ ಸಹೋದ್ಯೋಗಿ ಒಪ್ಪಲಿ. ಜಗುಲಿಗಿಂತ ಅದು ಎಷ್ಟೋ ಮೇಲು. ಮೂರನೆಯದು, ಎಂಟನೇ ತರಗತಿಗೆ ಪಾಠ ಮಾಡುವವರೆಲ್ಲ ಸೇರಿ ನಾಲ್ಕೇ ನಿಯಮ ಒಪ್ಪಿಕೊಳ್ಳಲಿ. ಮುಖ್ಯ ಶಿಕ್ಷಕರು ಒಪ್ಪದಿದ್ದರೆ? ಆ ಸೆಕ್ಷನ್‌ಗೆ ಹೋಗುವ ಇನ್ನಿಬ್ಬರನ್ನು ಹಿಡಿಯಿರಿ. ಮೂವರು ಒಂದೇ ಥರ ನಡೆದುಕೊಂಡರೂ ವ್ಯತ್ಯಾಸ ಕಾಣುತ್ತದೆ. ಗಣಿತದ ಸರ್ ಜೊತೆ ಜಗಳಕ್ಕಿಳಿಯಬೇಡಿ, ಅವರ ಕ್ಲಾಸಿನಲ್ಲಿ ಒಂದು ದಿನ ಹಿಂದೆ ಕೂತು ನೋಡಿ. ಕೋಲಿನ ಹೊರತಾಗಿ ಅವರಿಂದ ಕಲಿಯುವುದು ಸಿಕ್ಕೇ ಸಿಗುತ್ತದೆ.

ಇದನ್ನು ಓದುತ್ತಿರುವ ಮುಖ್ಯ ಶಿಕ್ಷಕರು, ಸಿಆರ್‌ಪಿಗಳಿಗೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಒಂದು ಮಾತು. ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದಲ್ಲಿದೆ. ಈ ಮೇಡಂ ಮುಂದೆ 54 ಮಕ್ಕಳು. ಅದರ ಮೇಲೆ ‘ಎಸ್‌ಎಟಿಎಸ್ ಎಂಟ್ರಿ ಅರ್ಜೆಂಟ್’ (ವಿದ್ಯಾರ್ಥಿಗಳ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬುವ ಕೆಲಸ) ಅಂತ ಪಾಠದ ಮಧ್ಯೆ ಆಫೀಸಿಗೆ ಕರೆಸುತ್ತೀರಿ. ಶಿಕ್ಷಕರಿಲ್ಲದ ಹದಿನೈದು ನಿಮಿಷದಲ್ಲಿ ಆ ಕ್ಲಾಸು ಏನೇನು ಕಲಿಯುತ್ತದೆ ಅಂತ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ.

ವಿಡಿಯೊ ವಿಷಯ ಬೇರೆ, ಅದನ್ನು ಕೀಟಲೆ ಅಂತ ಬಿಡಬೇಡಿ. ಇವತ್ತೇ ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಹಾಕಿಸಿದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಆ ನಾಲ್ವರೇ ಮಾಡಿದ್ದು ಅಂತ ಬರೆಯಬೇಡಿ, ನಿಮಗೆ ಗೊತ್ತಿರುವುದು ‘ಯಾರೋ’ ಅಂತ ಮಾತ್ರ. ಸುದ್ದಿ ತಂದ ಹುಡುಗಿಯರ ಹೆಸರು ತರಗತಿಯಲ್ಲಿ ಹೊರಬೀಳಬಾರದು. ಮಕ್ಕಳ ಫೋನ್ ಕಿತ್ತುಕೊಂಡು ನೀವೇ ತೆರೆದು ನೋಡುವುದೂ ಬೇಡ. ಪೋಷಕರನ್ನು ಕರೆಸಿ, ಅವರ ಎದುರು, ಮುಖ್ಯ ಶಿಕ್ಷಕರೇ ಮಾಡಲಿ. ವಿಡಿಯೊ ಎಲ್ಲಾದರೂ ಹರಿದಾಡಿದ್ದು ಗೊತ್ತಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಪತ್ರ ಹೋಗಲಿ, ಪೊಲೀಸರಿಗೆ ತಿಳಿಸುವ ಮಾತು ಆಗ ಬರುತ್ತದೆ.

ಬೆಳಿಗ್ಗೆ ಹೊಟ್ಟೆ ಕಿವುಚುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ದೆಯೂ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ವರ್ಗಾವಣೆ ಕೇಳುವುದು ನಿಮ್ಮ ಹಕ್ಕು. ಮನೆಗೆ ಹತ್ತಿರ ಆಗುತ್ತದೆ ಅನ್ನುವಂಥ ಕಾರಣಗಳಿದ್ದರೆ ವರ್ಗಾವಣೆ ಕೌನ್ಸೆಲಿಂಗ್ ಬಂದಾಗ ಖಂಡಿತ ಕೇಳಿ. ಈ ಹುಡುಗನೊಬ್ಬನಿಗಾಗಿ ಮಾತ್ರ ಬೇಡ. ಹೊಸ ಶಾಲೆಯ ಎಂಟನೇ ತರಗತಿಯಲ್ಲೂ ಒತ್ತಕ್ಷರ ಬಾರದ ಒಬ್ಬ ಇರುತ್ತಾನೆ. ಮೊದಲು ಆ ನಾಲ್ಕನೇ ತರಗತಿಯ ಪ್ಯಾರಾ ಓದಿಸಿ ನೋಡಿ. ಎಲ್ಲಿ ನಿಂತ, ಯಾವ ಪದಕ್ಕೆ ನಿಂತ ಅಂತ ಬರೆದು ಕಳಿಸಿದರೆ, ಓದಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಮುಂದಿನ ಸಲ ವಿವರವಾಗಿ ಹೇಳುತ್ತೇನೆ.